ಒಂದೇ ನಮೂನೆಯ ಕಟ್ಟು

ಮುಂದಿನ ಕೋಣೆಯ ಗೋಡೆಗೆ ತೇವ ಹತ್ತಿ ಬಣ್ಣ ಸಿಪ್ಪೆಸಿಪ್ಪೆಯಾಗಿ ಏಳುತ್ತಿತ್ತು. ಬಣ್ಣ ಬಳಿಯುವವನು ಬಂದು ಉಗುರಿನಿಂದ ಕೆರೆದು ನೋಡಿ, "ಮೊದಲು ಇವರನ್ನೆಲ್ಲ ಕೆಳಗಿಳಿಸಿ ತಾಯಿ, ಆಮೇಲೆ ನಮ್ಮ ಕೆಲಸ" ಎಂದ. ಇವರೆಂದರೆ ಗೋಡೆಯ ತುಂಬ ತೂಗುತ್ತಿದ್ದ ಮನೆಯವರ ಫೋಟೊಗಳು. ಸೊಸೆ ಸ್ಟೂಲು ಹತ್ತಿ ಒಂದೊಂದನ್ನೇ ಇಳಿಸಿ ಮಂಚದ ಮೇಲೆ ಮಲಗಿಸಿದಳು.

ಅಲ್ಲಿ ಸಾಲಾಗಿ ಮಲಗಿದಾಗಲೇ ಅವಳಿಗೆ ಅವುಗಳ ಅವತಾರ ಸರಿಯಾಗಿ ಕಂಡದ್ದು. ಒಂದಕ್ಕೊಂದು ಹೊಂದಿಕೆಯೇ ಇಲ್ಲ. ಅತ್ತೆಯ ಅಪ್ಪ ಅಮ್ಮನ ಫೋಟೊಗೆ ಬಳ್ಳಿ ಕೆತ್ತಿದ ಮರದ ಕಟ್ಟು, ಎತ್ತಿದರೆ ರಟ್ಟೆ ನೋಯುವಷ್ಟು ಭಾರ. ಬಸ್ಸು ಓಡಿಸುತ್ತಿದ್ದ ಮಾವನ ಫೋಟೊದ ನಾಲ್ಕು ಮೂಲೆಗೂ ಹಿತ್ತಾಳೆಯ ತಗಡು. ನಾದಿನಿ ಚಿಕ್ಕವಳಿದ್ದಾಗ ಬಹುಮಾನದ ಕಪ್ಪು ಹಿಡಿದು ನಿಂತದ್ದಕ್ಕೆ ನುಣ್ಣನೆಯ ತಗಡಿನ ಕಟ್ಟು. ಗಂಡ ಹುಡುಗನಾಗಿದ್ದಾಗ ಹಳೆ ಟೈರು ಹಿಡಿದು ನಿಂತ ಫೋಟೊದ ಕಟ್ಟು ಎಂದೋ ಕೆಳಗೆ ಬಿದ್ದು ಒಂದು ಮೂಲೆ ಮುರಿದುಕೊಂಡಿತ್ತು. ಅತ್ತೆಯ ತಂಗಿ, ಮದುವೆಯಾಗುವ ಮೊದಲೇ ತೀರಿಹೋದವಳು, ತನ್ನ ಫೋಟೊದ ಸುತ್ತ ತಾನೇ ಕಪ್ಪೆಚಿಪ್ಪು ಅಂಟಿಸಿಕೊಂಡಿದ್ದಳು. ತನ್ನ ಮಗಳ ಫೋಟೊಗೆ ಬೆತ್ತದ ಕಟ್ಟು. ಕೊನೆಗೆ ತನ್ನ ಮದುವೆಯ ಫೋಟೊ, ಉಬ್ಬು ಹೂಗಳ ಚಿನ್ನದ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ. ಆ ಬಣ್ಣ ಹೋಗಿ ಎಷ್ಟೋ ಕಾಲವಾಗಿತ್ತು.

ಸೊಸೆ ಪರದೆ ಮತ್ತು ಸೋಫಾ ಹೊದಿಕೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಯಾವ ಬಟ್ಟೆಗೆ ಯಾವ ಅಂಚು ಒಪ್ಪುತ್ತದೆ ಎಂಬುದರಲ್ಲಿ ಅಲ್ಲಿ ಅವಳ ಮಾತೇ ಕೊನೆ. ಆದರೆ ಈ ಮನೆಯ ಮುಂದಿನ ಕೋಣೆಯ ವಿಷಯದಲ್ಲಿ ಯಾರೂ ಅವಳನ್ನು ಒಂದು ಮಾತು ಕೇಳಿದ್ದಿಲ್ಲ. ಲಿಫ್ಟ್ ರಿಪೇರಿ ಮಾಡುವ ಗಂಡ ಈ ಸಲ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, "ಗೋಡೆ ನಿನಗೆ ಬಿಟ್ಟಿದ್ದು. ಹೇಗೆ ಬೇಕೋ ಹಾಗೆ ಮಾಡು" ಎಂದು ಹೇಳಿ ಹೋಗಿದ್ದ. ಗಡಿಬಿಡಿಯಲ್ಲಿ ಹೇಳಿದ್ದಾದರೂ ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಲ್ಲಕ್ಕೂ ಒಂದೇ ಥರದ ಕಟ್ಟು ಹಾಕಿಸ್ತೀನಿ ಅತ್ತೆ. ತೆಳ್ಳಗೆ, ಕರಿ ಬಣ್ಣದ್ದು."

ಅತ್ತೆ ಕಿಟಕಿಯ ಪಕ್ಕ ಕೂತು ಅವರೆ ಸುಲಿಯುತ್ತಿದ್ದರು. "ಈಗಿರೋದು ಗಟ್ಟಿಯಾಗೇ ಇದೆಯಲ್ಲಮ್ಮ."

"ಗಟ್ಟಿಯೇನೋ ಇದೆ. ಆದ್ರೆ ಒಂದೊಂದು ಒಂದೊಂದು ಥರ. ಬಸ್ ಸ್ಟಾಂಡಲ್ಲಿ ಜನ ನಿಂತ ಹಾಗೆ."

"ಮನೆಯವರು ಅಂದಮೇಲೆ ಒಂದೊಂದು ಥರಾನೇ ಇರ್ತಾರೆ" ಎಂದ ಅತ್ತೆ ಸ್ವಲ್ಪ ತಡೆದು, "ನಿನ್ನಿಷ್ಟ" ಎಂದರು.

ಹಾಗೆನ್ನುವಾಗಲೂ ಅವರು ನೋಡಿದ್ದು ಸೊಸೆಯ ಮುಖವನ್ನಲ್ಲ, ಭುಜದಾಚೆಗೆ ಎಲ್ಲೋ. ಇದು ಅವಳೊಳಗೆ ಎರಡು ವರ್ಷದಿಂದ ಕೂತಿದ್ದ ಮುಳ್ಳು. ಮೊದಲು ಹೀಗಿರಲಿಲ್ಲ. ಬರಬರುತ್ತ ಅತ್ತೆ ತನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದರು. ತಾನೇನು ತಪ್ಪು ಮಾಡಿದೆನೋ ಎಂದು ಹಿಂದಿನದನ್ನೆಲ್ಲ ಜಾಲಾಡಿದರೂ ಏನೂ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಕ್ಷಮೆಯನ್ನಾದರೂ ಕೇಳಬಹುದಿತ್ತು.

ಮಗಳು ಗುಬ್ಬಿ, ಶಾಲೆಗೆ ಹೋಗುವ ಪೋರಿ, ಮಂಚ ಹತ್ತಿ ಕಪ್ಪೆಚಿಪ್ಪಿನ ಕಟ್ಟನ್ನು ತಬ್ಬಿಕೊಂಡಳು. "ಇದು ನಂಗೆ!" ತೆಗೆದುಕೋ ಎಂದು ಒಳಗಿನ ಫೋಟೊ ಬಿಡಿಸಿಕೊಂಡು ಆ ಕಟ್ಟೊಂದನ್ನು ಅವಳಿಗೆ ಬಿಟ್ಟು, ಮಿಕ್ಕ ಎಲ್ಲವನ್ನೂ ಹಳೆ ಬೆಡ್‌ಶೀಟಿನಲ್ಲಿ ಸುತ್ತಿ, ಸೊಸೆ ಕಟ್ಟು ಹಾಕುವವರ ಅಂಗಡಿಗೆ ಕೊಟ್ಟು ಬಂದಳು. ಹಳೆಯದನ್ನು ಏನು ಮಾಡಲಿ ಎಂದು ಅವರು ಕೇಳಿದಾಗ, "ಏನಾದ್ರೂ ಮಾಡ್ಕೊಳ್ಳಿ" ಎಂದಿದ್ದಳು.

ಗೋಡೆ ಒಣಗಿತು, ಹೊಸ ಬಣ್ಣ ಬಂತು, ಹೊಸ ಕಟ್ಟುಗಳು ಬಂದವು. ದಾರ ಹಿಡಿದು ಗೆರೆ ಎಳೆದು, ಎರಡು ಸಾಲಿನಲ್ಲಿ ಸಮನಾಗಿ ತೂಗುಹಾಕಿದಾಗ ಕೋಣೆಯೇ ದೊಡ್ಡದಾದಂತೆ ಕಂಡಿತು. "ಸ್ಟುಡಿಯೋ ಥರ ಇದೆಯಲ್ಲೇ!" ಎಂದ ಗಂಡ. ನಾದಿನಿ ಫೋನಿನಲ್ಲಿ ನೋಡಿ, "ಅತ್ತಿಗೆ, ನಮ್ಮ ಮನೆಗೂ ಬಂದು ಮಾಡ್ಕೊಡಿ" ಎಂದಳು. ಅತ್ತೆ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದು, "ನುಣ್ಣಗಿದೆ" ಎಂದಷ್ಟೇ ಹೇಳಿದರು. ಅದು ಹೊಗಳಿಕೆಯೋ ಅಲ್ಲವೋ ಸೊಸೆಗೆ ತಿಳಿಯಲಿಲ್ಲ. ಅವಳು ಮೊದಲ ವಾರದಲ್ಲೇ ಕಣ್ಣಿಗೆ ಇನ್ನೂ ಹಿತವಾಗಲೆಂದು ಫೋಟೊಗಳ ಜಾಗವನ್ನು ಒಂದೆರಡು ಸಲ ಅದಲುಬದಲು ಮಾಡಿದಳು.

ಅತ್ತೆಗೆ ಒಂದು ರೂಢಿಯಿತ್ತು. ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆ, ಒಂದು ಮೆತ್ತನೆ ಬಟ್ಟೆ ಹಿಡಿದು ಫೋಟೊಗಳನ್ನು ಒರೆಸುತ್ತ ಗೋಡೆಯುದ್ದಕ್ಕೂ ನಡೆಯುತ್ತಿದ್ದರು. ಒರೆಸುವಾಗ ಒಬ್ಬೊಬ್ಬರಿಗೂ ಅವರವರ ಪದ ಹೇಳುತ್ತಿದ್ದರು. ಅವರ ಅಪ್ಪ ಸಂಜೆಯ ಹೊತ್ತು ಕಾವ್ಯ ಓದಿ ಹೇಳುತ್ತಿದ್ದವರಂತೆ. ಮಕ್ಕಳು ಕೇಳಿ ಕೇಳಿಯೇ ಬೆಳೆದರು. ಅತ್ತೆಗೆ ಅಕ್ಷರಕ್ಕಿಂತ ಮೊದಲು ಪದ ಬಂದಿತ್ತು. ಮನೆಯವರ ಮೇಲೆ ಮೂರು ಮೂರು ಸಾಲು ತಾವೇ ಕಟ್ಟಿ, ಎಲ್ಲಿಯೂ ಬರೆದಿಡದೆ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಮಾವನ ಪದ ಸೊಸೆಗೂ ಬಾಯಿಗೆ ಬಂದುಬಿಟ್ಟಿತ್ತು:

ಊರೂರ ಜನರನ್ನು ಮನೆಮನೆಗೆ ಮುಟ್ಟಿಸಿ
ಯಾರೂರ ದಾರೀಲಿ ತಡಮಾಡ್ದೆ, ಒಡೆಯಾ
ಬಾರಯ್ಯ ದೀಪ ಉರಿತಾವೆ.

ಅಡಿಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತ ಅವಳು ದಿನವೂ ಇದನ್ನು ಕೇಳುತ್ತಿದ್ದಳು. ಸತ್ತವರಿಗೂ ಬದುಕಿರುವವರಿಗೂ ಒಂದೇ ದನಿ, ಒಂದೇ ಪ್ರೀತಿ. ಮದುವೆಯ ಫೋಟೊದ ಹತ್ತಿರ ಬಂದಾಗ ಮಾತ್ರ ಅತ್ತೆ ಬಾಯಿ ಮುಚ್ಚಿ ಗಾಜು ಒರೆಸಿ ಮುಂದೆ ಹೋಗುತ್ತಿದ್ದರು. ಅವಳಿಗೆ ಪದವಿರಲಿಲ್ಲ. ಯಾಕಿಲ್ಲ ಎಂದು ಕೇಳುವುದು ಹೇಗೆ? ಪ್ರೀತಿಯನ್ನು ಕೇಳಿ ಪಡೆಯಲಾದೀತೆ?

ಹೊಸ ಕಟ್ಟು ಬಂದ ಮೇಲೆ ಬೆಳಗಿನ ಆ ದನಿ ತಡವರಿಸತೊಡಗಿತು. ಒಂದು ಸಾಲು ಹೇಳಿ ನಿಲ್ಲುವುದು, ಹಿಂದಕ್ಕೆ ಹೋಗುವುದು, ಮತ್ತೆ ಮೊದಲಿನಿಂದ. ಒಂದು ದಿನ ಗಂಡ ಬೂಟಿನ ಲೇಸು ಕಟ್ಟುತ್ತಿದ್ದವನು ಹಾಗೇ ಅಡಿಗೆಮನೆಗೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಅಮ್ಮ ಏನು ಮಾಡ್ತಿದ್ದಾಳೆ ನೋಡಿದೆಯಾ? ನಾನು ಟೈರು ಹಿಡ್ಕೊಂಡಿರೋ ಫೋಟೊ ಮುಂದೆ ನಿಂತು ಅಪ್ಪನ ಪದ ಹೇಳ್ತಿದ್ದಾಳೆ. ಬಾರಯ್ಯ ದೀಪ ಉರಿತಾವೆ ಅಂತ. ಸತ್ತವರನ್ನ ಕರೆಯೋ ಪದದಲ್ಲಿ ನನ್ನ ಕರೀತಿದ್ದಾಳೆ ಕಣೆ."

"ಏನೋ ಯೋಚನೇಲಿ ಇದ್ದಿರಬಹುದು."

"ನಿನ್ನೆ ಗುಬ್ಬಿ ಫೋಟೊಗೆ ತಂಗಿ ಅಂದ್ಳು. ನಾನೇ ಕೇಳಿಸ್ಕೊಂಡೆ." ಅವನು ದನಿ ತಗ್ಗಿಸಿದ. "ಅಮ್ಮನಿಗೆ ಮರೆವು ಶುರುವಾಗಿದೆ."

ಆ ಮಾತು ಆಡಿದ್ದೇ ತಡ, ಹಿಂದಿನದೆಲ್ಲ ಅದಕ್ಕೆ ಸಾಕ್ಷಿಯಾಗಿ ಎದ್ದು ನಿಂತಿತು. ಬೀದಿಯಲ್ಲಿ ಎದುರಿಗೆ ಬಂದ ಗುರುತಿನವರನ್ನು ಅತ್ತೆ ಮಾತಾಡಿಸದೆ ಹೋದದ್ದು. ಟೀವಿ ನೋಡುವುದನ್ನು ಬಿಟ್ಟದ್ದು. ಒಂದು ಅನುಮಾನ ಮನೆಯೊಳಗೆ ಬಂದರೆ ಸುಮ್ಮನೆ ಕೂರುವುದಿಲ್ಲ, ಮನೆಯವರ ಕಣ್ಣನ್ನೇ ತನ್ನ ಕಣ್ಣು ಮಾಡಿಕೊಳ್ಳುತ್ತದೆ.

ಭಾನುವಾರ ನಾದಿನಿ ಬಂದಳು. ಅವಳು ಶಾಲೆಯಲ್ಲಿ ಟೀಚರು. ಯಾರನ್ನು ಕಂಡರೂ ಪ್ರಶ್ನೆ ಕೇಳುವ ಚಾಳಿ. ಮದುವೆಯ ಹೆಣ್ಣು ನೋಡಲು ಬಂದವಳೇ ಅತ್ತಿಗೆಗೆ ಮಗ್ಗಿ ಕೇಳಿದ್ದಳು. ಊಟವಾದ ಮೇಲೆ ಅವಳು ತಾಯಿಯ ಕೈ ಹಿಡಿದು ಗೋಡೆಯ ಮುಂದೆ ನಿಲ್ಲಿಸಿದಳು.

"ಅಮ್ಮ, ಇದು ಯಾರು ಹೇಳು?"

"ಯಾಕೆ, ನಿನಗೆ ಗೊತ್ತಿಲ್ವಾ?"

"ನನಗೆ ಗೊತ್ತು. ನೀನು ಹೇಳು."

ಅತ್ತೆ ಕತ್ತು ಓರೆ ಮಾಡಿದರು. ಕಟ್ಟಿನ ಅಂಚಿನ ಮೇಲೆ ಬೆರಳು ಇಳಿಸಿದರು, ಮೂಲೆಯ ತನಕ ಹೋಗಿ ಬೆರಳು ಹಿಂದಕ್ಕೆ ಬಂತು. "ನಿಮ್ಮಪ್ಪ" ಎಂದರು.

ಅದು ಕಪ್ಪು ಹಿಡಿದು ನಿಂತಿದ್ದ ನಾದಿನಿಯೇ.

"ಇದು?"

"ನನ್ನ ತಂಗಿ."

ಸ್ಟೀರಿಂಗಿನ ಮೇಲೆ ಕೈಯಿಟ್ಟು ಮಾವ ನಗುತ್ತಿದ್ದರು. ನಾದಿನಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಕೇಳಿದವಳು ಅತ್ತಳು, ಕೇಳಿಸಿಕೊಂಡವರು ಹಾಗೇ ನಿಂತಿದ್ದರು, ಗೋಡೆಗೆ ಅಂಗೈ ಊರಿ.

ಸಂಜೆ ಹೊರಡುವ ಮೊದಲು ನಾದಿನಿ ತೀರ್ಮಾನ ಹೇಳಿದಳು. "ಗುಬ್ಬೀನ ಶಾಲೆಯಿಂದ ಕರ್ಕೊಂಡು ಬರೋದು ಇನ್ನು ಅಮ್ಮನಿಗೆ ಬೇಡ. ಪಕ್ಕದ ಮನೆಯವರಿಗೆ ಹೇಳಿ. ಮುಂದಿನ ಭಾನುವಾರ ನಾನು ಬಂದು ಅಮ್ಮನ್ನ ನಮ್ಮ ಮನೆಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಮರೆವಿಗೆ ನೋಡೋ ಒಳ್ಳೆ ಡಾಕ್ಟ್ರಿದ್ದಾರೆ. ನೀವಿಬ್ಬರೂ ಬೆಳಿಗ್ಗೆ ಹೋದರೆ ಸಂಜೆ ಬರೋರು, ಇವಳನ್ನ ಒಂಟಿಯಾಗಿ ಬಿಡೋ ಹಾಗಿಲ್ಲ."

"ಎಷ್ಟು ದಿನಕ್ಕೆ?" ಎಂದು ಅತ್ತೆ ಕೇಳಿದರು.

ನಾದಿನಿ ಬ್ಯಾಗು ಹೆಗಲಿಗೇರಿಸಿಕೊಂಡಳು.

ಆ ವಾರ ಅತ್ತೆ ಗೋಡೆ ಒರೆಸಲಿಲ್ಲ. ಕುರ್ಚಿಯನ್ನು ಅದರತ್ತ ತಿರುಗಿಸಿಕೊಂಡು ಸುಮ್ಮನೆ ಕೂರುತ್ತಿದ್ದರು. ಮನೆಯಲ್ಲಿ ಬೆಳಗಿನ ಪದ ನಿಂತಾಗ ಸೊಸೆಗೆ ಚಹಾ ಯಾವಾಗ ಕುದಿಯಿತೆಂದು ತಿಳಿಯದೆ ಎರಡು ದಿನ ಉಕ್ಕಿತು. ಅಷ್ಟು ವರ್ಷ ಅವಳು ಪದದ ಲೆಕ್ಕದಲ್ಲೇ ಚಹಾ ಇಳಿಸುತ್ತಿದ್ದಳೆಂಬುದು ಅವಳಿಗೇ ಆಗ ಗೊತ್ತಾಯಿತು.

ವಾರದ ನಡುವೆ ಅಂಗಡಿಯಿಂದ ಒಂದಷ್ಟು ಪರದೆಯ ಕೆಲಸವನ್ನು ಮನೆಗೇ ತಂದು ಅವಳು ನಡುಮನೆಯ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಹಿಂದಿನ ದಿನವಷ್ಟೇ ಗುಬ್ಬಿ ಹಠ ಮಾಡಿ, ತನ್ನ ಎತ್ತರಕ್ಕೆ ಒಂದು ಮೊಳೆ ಹೊಡೆಸಿಕೊಂಡು, ನಡುಮನೆಯ ಬಾಗಿಲ ಪಕ್ಕ ಕಪ್ಪೆಚಿಪ್ಪಿನ ಕಟ್ಟನ್ನು ತೂಗುಹಾಕಿದ್ದಳು. ಒಳಗೆ ಅವಳೇ ಬರೆದ ಬೆಕ್ಕು. ಬೆಕ್ಕಿಗೆ ಕನ್ನಡಕ.

ಅತ್ತೆ ನೀರು ಕುಡಿಯಲು ಎದ್ದು ಬಂದರು. ಗೋಡೆಯ ಮೇಲೆ ಕೈ ಸವರಿಕೊಂಡು ನಡೆಯುವುದು ಅವರ ಅಭ್ಯಾಸ; ವಯಸ್ಸಾದವರು ಆಸರೆಗೆ ಹಾಗೆ ಮಾಡುತ್ತಾರೆಂದು ಸೊಸೆ ತಿಳಿದಿದ್ದಳು. ಬಾಗಿಲ ಹತ್ತಿರ ಆ ಕೈ ಚಿಪ್ಪುಗಳಿಗೆ ತಗುಲಿತು. ಅತ್ತೆ ನಿಂತರು. ಬೆರಳುಗಳು ಒಂದೊಂದು ಚಿಪ್ಪಿನ ಮೇಲೂ ಓಡಿದವು, ಬಹಳ ದಿನ ಕಾಣದವರ ಕೆನ್ನೆ ಸವರುವಂತೆ. ಆಮೇಲೆ, ಒಂದು ಕಡೆಯೂ ಎಡವದೆ, ತುಂಬಿದ ಕೊಡದಿಂದ ನೀರು ಬಗ್ಗಿಸಿದಂತೆ ಪದ ಬಂತು:

ನಕ್ಕರೆ ಮನೆಯೆಲ್ಲ ಬೆಳ್ಳಿ ಚೆಲ್ಲಿದ ಹಂಗೆ
ಅಕ್ಕನ ಕೈಬಿಟ್ಟು ಓಡೋಳೇ, ತಂಗಿ
ಚಿಕ್ಕ ಹೆಜ್ಜೆಗಳ ನಿಲ್ಲಿಸೆ.

ತಂಗಿಯ ಪದ. ಕನ್ನಡಕ ಹಾಕಿದ ಬೆಕ್ಕಿಗೆ.

ಯಂತ್ರದ ಮೇಲೆ ಸೊಸೆಯ ಕಾಲು ನಿಂತುಹೋಯಿತು. ಮೊದಲು ನಗು ಬಂತು, ಆಮೇಲೆ ಹೊಳೆಯಿತು. ಮರೆತವರಾದರೆ ಹೀಗೆ ಹೇಳಲಾರರು. ಒಂದು ಅಕ್ಷರ ಕೂಡ ಮರೆತಿಲ್ಲ. ಇವರು ಫೋಟೊ ನೋಡಿ ಪದ ಹೇಳುತ್ತಲೇ ಇರಲಿಲ್ಲ. ಕಟ್ಟು ಮುಟ್ಟಿ ಹೇಳುತ್ತಿದ್ದರು. ಭಾರದ ಕೆತ್ತನೆ ಅಂದರೆ ಅಪ್ಪ ಅಮ್ಮ. ಹಿತ್ತಾಳೆಯ ಮೂಲೆ ಅಂದರೆ ಗಂಡ. ಮುರಿದ ಮೂಲೆ ಅಂದರೆ ಮಗ. ಹಾಗಿರುವಾಗ ತಾನು ಅಷ್ಟೂ ಜನಕ್ಕೆ ಒಂದೇ ಮೈ ತೊಡಿಸಿದೆ.

ಅವಳು ಎದ್ದು ಹೋಗಿ ಅತ್ತೆಯ ಎದುರಿಗೆ ನಿಂತಳು.

"ಅತ್ತೆ, ನನ್ನ ಮುಖ ನೋಡಿ."

"ನೋಡ್ತಾ ಇದ್ದೀನಲ್ಲ" ಎಂದು ಅತ್ತೆ ಅವಳ ಭುಜದಾಚೆಗೆ ನೋಡಿದರು.

"ಎಲ್ಲಿ ನೋಡ್ತಿದ್ದೀರಿ?"

ಅತ್ತೆಯ ಕೈ ಇನ್ನೂ ಚಿಪ್ಪುಗಳ ಮೇಲೇ ಇತ್ತು. "ಹೀಗೆ ನೋಡಿದ್ರೇನೆ ನೀನು ಒಂಚೂರು ಕಾಣೋದು" ಎಂದರು. "ನೇರ ನೋಡಿದ್ರೆ ನಡುವೆ ಮಸಿ. ಯಾರೋ ಹೆಬ್ಬೆರಳಲ್ಲಿ ಒರೆಸಿಬಿಟ್ಟ ಹಾಗೆ. ಅಂಚಲ್ಲಿ ಎಲ್ಲ ಕಾಣುತ್ತೆ. ಬಾಗಿಲು, ಒಲೆ, ರಸ್ತೆ. ಮುಖ ಮಾತ್ರ ಕಾಣಲ್ಲ."

ಎರಡು ವರ್ಷದ ಮುಳ್ಳು ಕಿತ್ತು ಬಂತು. ಬರುವಾಗ ನೋಯಿಸಿಕೊಂಡೇ ಬಂತು.

ಸೊಸೆ ಅವರನ್ನು ಮಂಚದ ಮೇಲೆ ಕೂರಿಸಿ ತಾನು ನೆಲದ ಮೇಲೆ ಕೂತಳು. "ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ಒಲೆ ಹಚ್ಚಬೇಡ, ಹೊರಗೆ ಹೋಗಬೇಡ, ಅಲ್ಲೇ ಕೂತಿರು. ಕುರುಡಿ ಅಂತ ಒಂದು ಹೆಸರು ಬರೋದು ಅಂತ ಸುಮ್ಮನಿದ್ದೆ. ಈಗ ಹುಚ್ಚಿ ಅಂತ ಹೆಸರು ಬಂತು. ಯಾವುದು ವಾಸಿ, ನೀನೇ ಹೇಳು."

"ಯಾರೂ ಹುಚ್ಚಿ ಅನ್ನಲಿಲ್ಲ."

"ಮರೆವು ಅಂದ್ರು. ಮಾತು ಮೆತ್ತಗೆ ಇರುತ್ತೆ, ಅರ್ಥ ಮೆತ್ತಗಿರಲ್ಲ." ಅತ್ತೆ ನಿಟ್ಟುಸಿರು ಬಿಟ್ಟರು. "ಅವಳು ಕೇಳಿದಾಗ ಹೇಳಬೇಕು ಅಂತ ಬಾಯಿ ತನಕ ಬಂತು. ಆದ್ರೆ ನನ್ನ ಗಂಡನ ಮುಂದೆ ನಿಂತು ಇವರು ಯಾರೋ ಕಾಣ್ತಿಲ್ಲ ಅಂತ ಹೇಗೆ ಹೇಳಲಿ? ಅವರಿಗೆ ಕೇಳಿಸಲ್ವಾ?"

ಸೊಸೆಗೆ ಥಟ್ಟನೆ ಇನ್ನೊಂದು ನೆನಪಾಗಿ ಸಿಟ್ಟು ಬಂತು. "ಅತ್ತೆ! ಇಷ್ಟು ದಿನ ಗುಬ್ಬೀನ ನೀವೇ ಅಲ್ವಾ ಶಾಲೆಯಿಂದ ಕರ್ಕೊಂಡು ಬರ್ತಿದ್ದಿದ್ದು?"

"ಶಾಲೆ ನಮ್ಮ ಸಾಲಲ್ಲೇ ಇದೆ, ರಸ್ತೆ ದಾಟೋದೇ ಇಲ್ಲ. ದಾಟೋ ಹಾಗಿದ್ರೆ ಅವತ್ತೇ ಹೇಳ್ತಿದ್ದೆ, ನನಗೂ ಜೀವಭಯ ಇದೆ. ಇನ್ನು ಅಷ್ಟೊಂದು ಮಕ್ಕಳ ಮಧ್ಯೆ ಅವಳೇ ಓಡಿ ಬಂದು ನನ್ನ ಕೈ ಹಿಡೀತಾಳೆ. ಎದುರಿಗೆ ಬರೋರು ಯಾರು ಅಂತ ಅವಳು ಹೇಳ್ಬೇಕು, ಅದು ನಮ್ಮ ಆಟ."

"ಅವಳಿಗೆ ಗೊತ್ತಾ?"

"ಆಟ ಅಂದ್ಕೊಂಡಿದ್ದಾಳೆ. ಒಂದೊಂದು ಸಲ ಬೇಕು ಅಂತ ಸುಳ್ಳು ಹೇಳ್ತಾಳೆ ಕಳ್ಳಿ. ಮೊನ್ನೆ ಕಸದ ಡಬ್ಬಿಗೆ ನಮಸ್ಕಾರ ಮಾಡಿಸಿದ್ಳು."

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಸೊಸೆ ಬಹುಕಾಲದಿಂದ ಕೇಳದೆ ಉಳಿದದ್ದನ್ನು ಕೇಳಿಬಿಟ್ಟಳು. "ಎಲ್ಲರಿಗೂ ಪದ ಇದೆ. ನನಗೆ ಯಾಕಿಲ್ಲ?"

"ಪದ ಕಟ್ಟಬೇಕಾದ್ರೆ ಮೊದಲು ಆಳನ್ನ ನೋಡಬೇಕಮ್ಮ. ನೋಡ್ತಾ ನೋಡ್ತಾ ಇದ್ದೆ, ಅಷ್ಟರಲ್ಲಿ ಕಣ್ಣು ಹೋಯ್ತು."

"ಮದುವೆಯಾಗಿ ಅಷ್ಟು ವರ್ಷ ನೋಡಿದ್ದು ಸಾಲಲಿಲ್ವಾ?"

"ನೀನೇನು ಸುಲಭದ ಆಳಾ?" ಎಂದರು ಅತ್ತೆ.

ಕಣ್ಣು ತೋರಿಸಿದ್ದೀರಾ ಎಂದು ಕೇಳಿದಾಗ, ಪಕ್ಕದ ಮನೆಯವರ ಜೊತೆ ಒಮ್ಮೆ ಹೋಗಿದ್ದೆನೆಂದೂ, ನಡುವೆ ಹೋದದ್ದು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದರೆಂದೂ, ಆಮೇಲೆ ಹೋಗಲಿಲ್ಲವೆಂದೂ ಹೇಳಿದರು. "ಉಳಿದಿರೋದನ್ನಾದ್ರೂ ಕಾಪಾಡ್ಕೋಬೇಕು, ನಾಳೆಯೇ ಹೋಗೋಣ" ಎಂದಳು ಸೊಸೆ. ಅತ್ತೆ ತಲೆಯಾಡಿಸಿದರು. "ಬರ್ತೀನಿ, ಭಾನುವಾರ ಕಳೀಲಿ. ಮಕ್ಕಳಿಗೆ ನಾನೇ ಹೇಳ್ತೀನಿ, ನೀನು ಮುಂಚೆ ಬಾಯಿ ಬಿಡಬೇಡ. ಆದ್ರೆ ಬರಿಗೈಲಿ ನಿಂತು ಕಾಣಲ್ಲ ಅಂದ್ರೆ, ಕಣ್ಣೂ ಹೋಯ್ತು ತಲೇನೂ ಹೋಯ್ತು ಅಂತಾರೆ. ನನ್ನ ಕಟ್ಟುಗಳು ನನಗೆ ಬೇಕು."

ಮರುದಿನ ಸೊಸೆ ಅಂಗಡಿಯಿಂದ ಬೇಗ ಹೊರಟು ಕಟ್ಟು ಹಾಕುವವರಲ್ಲಿಗೆ ಹೋದಳು. ಮರದ ಪುಡಿ, ಅಂಟಿನ ವಾಸನೆ; ಗೋಡೆಗೆ ಒರಗಿಸಿದ ಪಟ್ಟಿಗಳು. ಬಾಗಿಲ ಎದುರೇ ಅತ್ತೆಯ ಅಪ್ಪ ಅಮ್ಮನ ಬಳ್ಳಿ ಕೆತ್ತಿದ ಕಟ್ಟು ನಿಂತಿತ್ತು, ಒಳಗೆ ಕನ್ನಡಿ ಕೂರಿಸಿಕೊಂಡು. ಆ ಇಬ್ಬರು ಹಿರಿಯರಿದ್ದ ಜಾಗದಲ್ಲಿ ತನ್ನ ಮುಖ ಕಂಡು ಅವಳು ಒಂದು ಗಳಿಗೆ ಕಣ್ಣು ತಗ್ಗಿಸಿದಳು. ಕಟ್ಟಿನ ಕೆಳಗಿನ ಎಡಮೂಲೆಯಲ್ಲಿ ಕೆತ್ತನೆ ಸವೆದು ಹೊಳೆಯುತ್ತಿತ್ತು. ಅಲ್ಲಿ ಬೆರಳಿಟ್ಟಳು, ಇನ್ನೊಬ್ಬರ ಬೆರಳು ಮೊದಲೇ ಮಾಡಿಟ್ಟ ಗುಳಿಯಲ್ಲಿ ಅವಳದು ಸರಿಯಾಗಿ ಕೂತಿತು.

"ಇದು ವಾಪಸ್ ಬೇಕು ಅಣ್ಣ. ಎಲ್ಲ ಹಳೇದೂ ಬೇಕು."

ಕಟ್ಟು ಹಾಕುವವರು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದರು. "ಜನ ಹಳೇದು ಕೊಟ್ಟು ಹೊಸದು ತಗೊಂಡು ಹೋಗ್ತಾರೆ. ನೀವೇನು ತಾಯಿ, ಹೊಸದು ಹಾಕಿಸ್ಕೊಂಡು ಹಳೇದು ಕೇಳ್ತಿದ್ದೀರಿ?"

"ಮನೇಲಿ ಯಾರೂ ಮಾತಾಡ್ತಿಲ್ಲ" ಎಂದಳು. ಅದು ಎಷ್ಟು ನಿಜವೆಂದು ಆಡಿದ ಮೇಲೆ ಅವಳಿಗೇ ತಿಳಿಯಿತು.

ಅವರು ಗೊಣಗುತ್ತಲೇ ಕನ್ನಡಿ ಬಿಚ್ಚಿದರು. ಮೂಲೆಯ ರಾಶಿಯಿಂದ ಹಿತ್ತಾಳೆಯದು, ತಗಡಿನದು, ಮೂಲೆ ಮುರಿದದ್ದು ಒಂದೊಂದಾಗಿ ಹೊರಬಂದವು. "ಇದರ ಮೂಲೆ ಸರಿಮಾಡಿ ಕೊಡ್ಲಾ?"

"ಬೇಡ, ಬೇಡ! ಮುರಿದೇ ಇರಲಿ."

ಆಕೆಯ ತಲೆ ಸರಿಯಿದೆಯೇ ಎಂಬಂತೆ ಅವರು ನೋಡಿದರು. ಗುಬ್ಬಿಯ ಫೋಟೊದ ಬೆತ್ತದ ಕಟ್ಟೂ ಸಿಕ್ಕಿತು. ಮದುವೆಯದು ಮಾತ್ರ ಸಿಗಲಿಲ್ಲ. "ಆ ಪ್ಲಾಸ್ಟಿಕ್ಕಾ? ಬಿಚ್ಚುವಾಗಲೇ ಪುಡಿಪುಡಿ ಆಯ್ತು ತಾಯಿ. ಎಸೆದುಬಿಟ್ಟೆ."

ಸಂಜೆ ಮತ್ತೆ ಸ್ಟೂಲು ಹತ್ತಿ ಒಂದೊಂದನ್ನೇ ಹಳೆಯ ಜಾಗಕ್ಕೆ ಹಾಕುತ್ತಿದ್ದಾಗ ಗಂಡ ಬಂದ. "ಇದೇನೇ? ಅಷ್ಟು ಚೆನ್ನಾಗಿತ್ತಲ್ಲ!"

"ಮನಸ್ಸು ಬದಲಾಯ್ತು."

"ನಿನಗೂ ಮರೆವು ಶುರುವಾಯ್ತಾ?" ಎಂದ. ಅಂದವನೇ ತಾಯಿಯತ್ತ ನೋಡಿ ನಾಲಿಗೆ ಕಚ್ಚಿಕೊಂಡ. ಅತ್ತೆ ಕುರ್ಚಿಯಲ್ಲಿ ಕೂತು, ಮೊಳೆಗೆ ಒಂದೊಂದು ಕಟ್ಟೂ ತಗುಲುವ ಸದ್ದು ಕೇಳುತ್ತಿದ್ದರು.

ಗುಬ್ಬಿ ತನ್ನ ಬೆಕ್ಕನ್ನು ಹೊರತೆಗೆದು ಕಪ್ಪೆಚಿಪ್ಪಿನ ಕಟ್ಟನ್ನು ಅಜ್ಜಿಯ ತಂಗಿಗೇ ಬಿಟ್ಟುಕೊಟ್ಟಳು. ಮದುವೆಯ ಫೋಟೊ ಮಾತ್ರ ತೆಳ್ಳಗಿನ ಕರಿಯ ಕಟ್ಟಿನಲ್ಲೇ ಉಳಿಯಿತು. ಸೊಸೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಯೋಚಿಸಿದಳು. ಆಮೇಲೆ ಪರದೆಯ ಅಂಚಿಗೆ ಹಾಕುವ ಹುರಿಯನ್ನು ತುಂಡು ಬಟ್ಟೆಯೊಳಗಿಟ್ಟು, ಕಟ್ಟಿನ ಸುತ್ತ ಸುತ್ತಿ, ಕೈಹೊಲಿಗೆ ಹಾಕಿದಳು. ನೋಡಲು ಏನೂ ಚೆಂದವಿರಲಿಲ್ಲ. ಅಂಗಡಿಯಲ್ಲಿ ಯಾರಾದರೂ ಅಂಥದ್ದು ಹೊಲಿದಿದ್ದರೆ ಅವಳೇ ಬಿಚ್ಚಿಸಿ ಹಾಕುತ್ತಿದ್ದಳು.

ಭಾನುವಾರ ನಾದಿನಿ ಬೆಳಿಗ್ಗೆಯೇ ಬಂದಳು. "ಬಟ್ಟೆ ಜೋಡಿಸಿಟ್ಟಿದ್ದೀಯಾ ಅಮ್ಮ?"

"ಕೂತ್ಕೋ" ಎಂದರು ಅತ್ತೆ. "ಹೋದ ವಾರ ನೀನು ಪರೀಕ್ಷೆ ಮಾಡಿದೆ. ಈ ವಾರ ನಾನೇ ಪಾಠ ಒಪ್ಪಿಸ್ತೀನಿ."

ಮೆತ್ತನೆ ಬಟ್ಟೆ ಹಿಡಿದು ಗೋಡೆಯ ಹತ್ತಿರ ಹೋದರು. ಬಳ್ಳಿಯ ಕೆತ್ತನೆಗೆ ಬೆರಳು ತಗುಲಿತು, ಅಪ್ಪ ಅಮ್ಮನ ಪದ ಬಂತು. ಹಿತ್ತಾಳೆ ತಗುಲಿತು, ಊರೂರ ಜನರನ್ನು ಮನೆಗೆ ಮುಟ್ಟಿಸಿದವರು ಬಂದರು. ಮುರಿದ ಮೂಲೆಯ ಹತ್ತಿರ ಅತ್ತೆಯ ದನಿ ಮೆಲ್ಲಗಾಯಿತು:

ಹಸಿದರೂ ಹೇಳದವ, ಹೊಡೆದರೂ ಅಳದವ
ಬಿಸಿಲಾಗೆ ನಿಂತು ನೆರಳಾದ, ನನ ಕಂದ
ಹುಸಿಯಾಡಿ ನನ್ನ ನಗಿಸ್ಯಾನ.

ಲಿಫ್ಟ್ ರಿಪೇರಿಯವನು ಮುಖ ಆಚೆ ತಿರುಗಿಸಿಕೊಂಡ. ಚಿಪ್ಪು ತಗುಲಿತು, ಬೆತ್ತ ತಗುಲಿತು, ತಂಗಿಯ ಪದವೂ ಗುಬ್ಬಿಯ ಪದವೂ ಬಂದವು. ಆಮೇಲೆ ತಗಡಿನ ಕಟ್ಟಿನ ಮುಂದೆ ನಿಂತು, ಎಲ್ಲರಿಗೂ ಪ್ರಶ್ನೆ ಕೇಳುವ ಹುಡುಗಿಯ ಪದ ಹೇಳಿ ಮುಗಿಸುವಷ್ಟರಲ್ಲಿ ನಾದಿನಿ ಎದ್ದು ನಿಂತಿದ್ದಳು.

"ಅಮ್ಮ, ಎಲ್ಲಾ ನೆನಪಿದೆಯಲ್ಲ ನಿನಗೆ!"

"ಮರೆತಿಲ್ಲ ಕಣೆ. ಕಾಣ್ತಿಲ್ಲ."

ನಾದಿನಿ, "ಮತ್ತೆ ಯಾಕಮ್ಮ ಅವತ್ತು ಹೇಳ್ಲಿಲ್ಲ?" ಎಂದಳು. ಅದು ಟೀಚರಿನ ದನಿಯಾಗಿರಲಿಲ್ಲ.

"ಇದು ಯಾರು ಅಂತ ಕೇಳಿದೆ. ಕಾಣುತ್ತಾ ಅಂತ ಕೇಳ್ಲಿಲ್ಲ."

ಮಗ ತಾಯಿಯ ಕೈಯಲ್ಲಿದ್ದ ಬಟ್ಟೆಯ ತುದಿ ಹಿಡಿದುಕೊಂಡ. "ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗ್ತಿದ್ದೀನಿ, ಸೊಸೆ ಜೊತೆ" ಎಂದರು ಅತ್ತೆ. "ನಿಮ್ಮಿಬ್ಬರ ಮಾತೂ ಆಮೇಲೆ ಕೇಳ್ತೀನಿ. ಬಟ್ಟೆ ಬಿಡು, ಇನ್ನೂ ಒಂದು ಉಳಿದಿದೆ."

ಉಳಿದದ್ದು ಮದುವೆಯ ಫೋಟೊ. ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಉಬ್ಬು ಹೂಗಳನ್ನು ಹುಡುಕಿಕೊಂಡು ಹೋದ ಬೆರಳಿಗೆ ಹುರಿ ತುಂಬಿದ ಬಟ್ಟೆ ಸಿಕ್ಕಿತು. ಅತ್ತೆ ತಡೆದರು. ಮೆಲ್ಲಗೆ ಅಂಚಿನುದ್ದಕ್ಕೂ ಹೋದರು, ಮೂಲೆ ತಿರುಗಿದರು. ತಲೆದಿಂಬಿನ ಮೇಲೆ, ಕಿಟಕಿಯ ಪರದೆಯ ಮೇಲೆ, ಗುಬ್ಬಿಯ ಲಂಗದ ಮೇಲೆ ಎಷ್ಟೋ ಸಲ ಬೆರಳಿಗೆ ಸಿಕ್ಕಿದ್ದ ಹೊಲಿಗೆ ಅದು.

"ಇಲ್ಲೊಂದು ಕಡೆ ದಾರ ಸಡಿಲವಾಗಿದೆ" ಎಂದರು.

"ಬಿಗಿ ಮಾಡ್ತೀನಿ ಅತ್ತೆ."

"ಬೇಡ. ಹಾಗೇ ಇರಲಿ, ಗುರುತಿಗೆ." ಬೆರಳನ್ನು ಆ ಸಡಿಲ ದಾರದ ಮೇಲೇ ಇಟ್ಟುಕೊಂಡು, ತಲೆಯನ್ನು ಬಾಗಿಲ ಕಡೆಗೆ ಸ್ವಲ್ಪ ತಿರುಗಿಸಿ, ಸೊಸೆಯ ಭುಜದಾಚೆಗೆ ನೋಡುತ್ತ, ದಾರಿಯಿಲ್ಲದ ಕಡೆ ಹೆಜ್ಜೆ ಹಾ​ಕುವವರಂತೆ ನಿಧಾನವಾಗಿ ಹೇಳಿದರು:

ಹರಿದದ್ದು ಹೊಲಿದಾಳು, ಹೊಲಿದದ್ದು ಬಿಚ್ಯಾಳು
ಬರಿಗೋಡೆಗೆ ಮಾತು ಕಲಿಸ್ಯಾಳು, ಸೊಸೆರಾಣಿ

ಅಲ್ಲಿಗೆ ನಿಲ್ಲಿಸಿದರು. ಸೊಸೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ಕಾದಳು. ಎಲ್ಲರೂ ಕಾದರು.

"ಮೂರನೇ ಸಾಲು ಅಜ್ಜಿ?" ಎಂದಳು ಗುಬ್ಬಿ.

"ಇನ್ನೂ ಬಂದಿಲ್ಲ. ಬರುತ್ತೆ, ಅವಸರ ಏನು" ಎಂದು ಅತ್ತೆ ಗಾಜು ಒರೆಸತೊಡಗಿದರು. "ಏನಮ್ಮ, ಒಲೆ ಮೇಲೆ ಹಾಲಿಟ್ಟಿದ್ದೀಯಲ್ಲ, ಉಕ್ಕೋ ವಾಸನೆ ಬರ್ತಿದೆ. ನೋಡು ಹೋಗು."